ನಿಮಗಿದು ಗೊತ್ತೆ? ಕಡಲ ನಡುವೆ ಕಲ್ಲುಕಂಬಗಳ ದ್ವೀಪ

ನೀರಿನ ನಡುವೆ ಮನುಷ್ಯ ಕಟ್ಟಿದ ಮಂಟಪ ನೋಡಲು ನಮ್ಮ ಸಂತೇಬೆನ್ನೂರಿನ ಪುಷ್ಕರಿಣಿ ಇದೆ. ಪ್ರಕೃತಿಯೇ ನಿಲ್ಲಿಸಿದ ಕಂಬಗಳನ್ನು ನೋಡಬೇಕಾದರೆ ಉಡುಪಿ ಬಳಿಯ ಮಲ್ಪೆಯಲ್ಲಿ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕು!

● ಸೇಂಟ್ ಮೇರೀಸ್ ಒಂದೇ ದ್ವೀಪವಲ್ಲ, ದ್ವೀಪಗಳ ಗುಂಪು. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾಬಹದ್ದೂರ್‌ಗಡ, ದಕ್ಷಿಣ ದ್ವೀಪ ಇದರಲ್ಲಿ ಮುಖ್ಯವಾದವು.

● ಇಲ್ಲಿನ ಕಲ್ಲುಕಂಬಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾ ಇದು.

● ಬೇಸಿಗೆಯಲ್ಲಿ ಕೆರೆಯಂಗಳ ಬಿರಿಯುವಂತೆ, ಲಾವಾ ತಣ್ಣಗಾಗಿ ಕುಗ್ಗುವಾಗ ಸೀಳುಬಿಟ್ಟಿತು. ಸೀಳುಗಳು ಆಳಕ್ಕಿಳಿದು ಐದು, ಆರು, ಏಳು ಮೂಲೆಯ ಕಂಬಗಳಾದವು.

● 1498ರಲ್ಲಿ ಭಾರತಕ್ಕೆ ಬಂದ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟ ಎಂಬುದು ಪ್ರತೀತಿ.

● ದ್ವೀಪದ ದಂಡೆಯ ಹಲವೆಡೆ ಮರಳಿಗಿಂತ ಚಿಪ್ಪುಗಳೇ ಹೆಚ್ಚು.

● ಇದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇದೇ ಗೌರವ ಪಡೆದ ಇನ್ನೊಂದು ಲಾವಾ ಶಿಲೆ ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿದೆ. ದಿಂಬುಗಳನ್ನು ಒಟ್ಟಿದಂತೆ ಕಾಣುವ ಅದು ರೂಪುಗೊಂಡದ್ದು ನೀರಿನೊಳಗೆ!

● ಮಳೆಗಾಲದಲ್ಲಿ ಕಡಲು ಉಕ್ಕೇರುವುದರಿಂದ ಪ್ರವಾಸಿ ಬೋಟ್‌ಗಳು ನಿಲ್ಲುತ್ತವೆ. ಚಳಿಗಾಲವೇ ಹೋಗಲು ಒಳ್ಳೆಯ ಸಮಯ.

ಗಮನಿಸಿ: ಬೋಟ್‌ನಲ್ಲಿ ಲೈಫ್ ಜಾಕೆಟ್ ಕಡ್ಡಾಯವಾಗಿ ಧರಿಸಿ. ಪಾಚಿಗಟ್ಟಿದ ಬಂಡೆ ಹತ್ತಬೇಡಿ. ಪ್ಲಾಸ್ಟಿಕ್ ಅಲ್ಲಿ ಬಿಸಾಡದೆ ವಾಪಸ್ ತನ್ನಿ.