ಬೆಣ್ಣೆಯ ಬಣ್ಣವೂ ಹಸುವಿನ ಮೇವೂ

ಒಂದೇ ಹಸುವಿನ ಬೆಣ್ಣೆಯು ಮಳೆಗಾಲದಲ್ಲಿ ಹೊಂಬಣ್ಣವಾಗಿಯೂ ಬೇಸಿಗೆಯಲ್ಲಿ ಬಿಳುಪಾಗಿಯೂ ಇರುವುದನ್ನು ನಮ್ಮ ತಾಯಂದಿರು ಬಹುಕಾಲದಿಂದ ಬಲ್ಲರು. ಈ ಭೇದಕ್ಕೆ ಮುಖ್ಯ ಕಾರಣವು ಮೇವೇ ಆಗಿದೆ.

ಹಸುರು ಮೇವಿನಲ್ಲಿ ಕೆರೋಟಿನ್ ಎಂಬ ಹಳದಿ ವಸ್ತುವುಂಟು. ಹಸುವು ಅದರಲ್ಲಿ ಒಂದು ಭಾಗವನ್ನು ತನ್ನ ಶರೀರದಲ್ಲಿ ಎ ಜೀವಸತ್ವವನ್ನಾಗಿ ಮಾರ್ಪಡಿಸುತ್ತದೆ. ಮತ್ತೊಂದು ಭಾಗವು ಹಾಗೆಯೇ ಹಾಲಿನ ಜಿಡ್ಡನ್ನು ಸೇರಿ ಬೆಣ್ಣೆಗೆ ಬಣ್ಣವನ್ನು ಕೊಡುತ್ತದೆ. ಎಮ್ಮೆಯಾದರೋ ಬಹುಮಟ್ಟಿಗೆ ಎಲ್ಲವನ್ನೂ ಜೀವಸತ್ವವನ್ನಾಗಿಯೇ ಮಾಡಿಬಿಡುವುದರಿಂದ ಅದರ ಬೆಣ್ಣೆ ಬಿಳುಪು. ಆದಕಾರಣ ಎಮ್ಮೆಯ ಬೆಣ್ಣೆಯನ್ನು ಬಣ್ಣದಿಂದ ಹೀಗಳೆಯಲಾಗದು.

ಈ ಸತ್ವದ ಸಂಶೋಧನೆಯಲ್ಲಿ ಮಾರ್ಗರೀಟ್ ಡೇವಿಸ್ ಎಂಬ ಮಹಿಳೆಯ ಪಾಲೂ ಇದ್ದುದು ನಮಗೆಲ್ಲ ಸಂತೋಷದ ವಿಷಯವು. 1913ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಆಕೆಯೂ ಮೆಕಾಲಮ್ ಎಂಬ ವಿದ್ವಾಂಸರೂ ಇಲಿಗಳಿಗೆ ಬಗೆಬಗೆಯ ಜಿಡ್ಡುಗಳನ್ನು ತಿನ್ನಿಸಿ ನೋಡಿದರು. ಬೆಣ್ಣೆಯ ಜಿಡ್ಡನ್ನು ತಿಂದವು ಬೆಳೆದುವು. ಹಂದಿಯ ಕೊಬ್ಬನ್ನಾಗಲಿ ಆಲಿವ್ ಎಣ್ಣೆಯನ್ನಾಗಲಿ ತಿಂದವುಗಳ ಬೆಳವಣಿಗೆ ನಿಂತುಹೋಯಿತು. ಎ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಇರುಳುಗುರುಡು ಬರುವುದೆಂದು ಈಗ ಎಲ್ಲರಿಗೂ ತಿಳಿದಿದೆ.

ಹೊಂಗನೂರಿನಂತಹ ನಮ್ಮ ಚನ್ನಪಟ್ಟಣದ ಸೀಮೆಯ ಊರುಗಳಲ್ಲಿ ಬೇಸಿಗೆಯ ಮೇವೆಂದರೆ ರಾಗಿಹುಲ್ಲು. ಅದರ ನಾರು ಹಾಲಿನ ಜಿಡ್ಡಿಗೆ ಅವಶ್ಯಕವೇ. ಆದರೆ ಬಿಸಿಲಿನಲ್ಲಿ ಒಣಗಿದ ಹುಲ್ಲಿನಲ್ಲಿ ಕೆರೋಟಿನ್ ಬಹುಪಾಲು ನಾಶವಾಗಿರುತ್ತದೆ. ಹಿಂಡಿ ಬೂಸಗಳು ಹಾಲನ್ನು ಹೆಚ್ಚಿಸಬಲ್ಲುವು, ಈ ಕೊರತೆಯನ್ನು ತುಂಬಲಾರವು. ರೇಷ್ಮೆಹುಳು ತಿಂದು ಮಿಕ್ಕ ಹಿಪ್ಪುನೇರಳೆ ಸೊಪ್ಪು, ಅಗಸೆಯ ಸೊಪ್ಪು, ಹಲಸಂದೆಯ ಬಳ್ಳಿ, ಇವುಗಳಲ್ಲಿ ಯಾವುದನ್ನಾದರೂ ದಿನವೂ ಒಣಹುಲ್ಲಿನೊಡನೆ ಕೊಡುವುದು ಲೇಸು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಮಾತ್ರ ಎಂದಿಗೂ ಕೊಡಬಾರದು. ಅದರ ಅಫ್ಲಾಟಾಕ್ಸಿನ್ ಎಂಬ ವಿಷವು ರೂಪಾಂತರ ಹೊಂದಿ ಹಾಲಿಗೆ ಇಳಿಯುವುದು, ಕಾಯಿಸಿದರೂ ಹೋಗದು.

ಆದರೆ ಹಾಲಿನ ಸುಣ್ಣದ ಅಂಶವು ಮೇವಿನಿಂದ ಅಷ್ಟಾಗಿ ಹೆಚ್ಚುಕಡಮೆಯಾಗದು. ಮೇವಿನಲ್ಲಿ ಸುಣ್ಣವು ಸಾಲದಿದ್ದರೆ ಹಸುವು ತನ್ನ ಎಲುಬಿನಿಂದಲೇ ತೆಗೆದು ನಮಗೆ ಕೊಡುತ್ತದೆ. ಮೂಕಪ್ರಾಣಿಯ ಈ ಋಣವನ್ನು ನಾವು ಮರೆಯಬಾರದು.

ಹಾಲಿನ ಸಹಕಾರ ಸಂಘದಲ್ಲಿ ಜಿಡ್ಡನ್ನೂ ಜಿಡ್ಡಲ್ಲದ ಘನಾಂಶವನ್ನೂ ಅಳೆದು ಬೆಲೆ ಕಟ್ಟುತ್ತಾರೆ. ಜೀವಸತ್ವಕ್ಕೆ ಅಲ್ಲಿ ಬೆಲೆಯಿಲ್ಲ. ಆದುದರಿಂದ ಅದನ್ನು ಕಾಯುವ ಭಾರವು ಮನೆಯವರದೇ. ಹಾಲೆಲ್ಲವನ್ನೂ ಮಾರಿ, ಇಲ್ಲವೆ ಬೆಣ್ಣೆಯನ್ನು ಮಾರಿ ಮಗುವಿಗೆ ಬರಿಯ ಮಜ್ಜಿಗೆಯನ್ನೆರೆದರೆ, ಜಿಡ್ಡಿನೊಡನೆ ಕಣ್ಣಿನ ಸತ್ವವೂ ಮಾರಿಹೋಗುವುದು. ನಾಳೆ ಗೃಹಕೃತ್ಯವನ್ನು ವಹಿಸುವ ನಮ್ಮ ಸೋದರಿಯರು ಹಸುವಿಗೆ ಒಂದು ಹಿಡಿ ಹಸುರನ್ನೂ, ಮಗುವಿಗೆ ಒಂದು ಲೋಟ ಗಟ್ಟಿಹಾಲನ್ನೂ ಮೊದಲು ಮೀಸಲಿಟ್ಟು, ಆಮೇಲೆ ಮಾರಾಟದ ಮಾತನ್ನು ಎತ್ತುವಂತಾಗಲಿ.