ಮರೆತ ನಡಿಗೆಯನ್ನು ಮೆದುಳು ಮತ್ತೆ ಕಲಿಯುವುದು ಹೇಗೆ? ಹೆಜ್ಜೆಗಳ ಲೆಕ್ಕದಲ್ಲಿದೆ ಉತ್ತರ

ನಾಗಪುರದ ಅಂಬಾಝರಿ ಕೆರೆ ದಂಡೆಯಲ್ಲಾಗಲಿ, ಬೆಂಗಳೂರಿನ ಲಾಲ್‌ಬಾಗ್‌ನಲ್ಲಾಗಲಿ ಬೆಳಗಿನ ವಾಕಿಂಗ್ ಹೋಗುವವರು ಯಾವ ಕಾಲು ಮೊದಲು ಇಡಬೇಕೆಂದು ಯೋಚಿಸುವುದಿಲ್ಲ. ಬಾಯಿ ರಾಜಕೀಯ ಮಾತಾಡುತ್ತಿರುತ್ತದೆ, ಕಾಲು ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಆದರೆ ಪಾರ್ಶ್ವವಾಯು ಹೊಡೆದವರಿಗೆ ಹಾಸಿಗೆಯಿಂದ ಬಾತ್‌ರೂಮ್‌ವರೆಗಿನ ಹತ್ತು ಹೆಜ್ಜೆಯೂ ದೊಡ್ಡ ಪರೀಕ್ಷೆಯೇ. ಕಾಲಿನಲ್ಲಿ ಮೂಳೆ ಮುರಿದಿಲ್ಲ, ಗಾಯವೂ ಇಲ್ಲ. ಪೆಟ್ಟು ಬಿದ್ದಿರುವುದು ಮೆದುಳಿಗೆ.

ಇಂಥವರು ಮತ್ತೆ ನಡೆಯಬಲ್ಲರೇ? ಮನೆಯವರೆಲ್ಲ ಮೊದಲು ಕೇಳುವ ಪ್ರಶ್ನೆ ಇದು. ಕಳೆದ ಎರಡು ದಶಕಗಳಲ್ಲಿ ನಡಿಗೆಯ ಕಲಿಕೆ ಕುರಿತು ನಡೆದ ಸಂಶೋಧನೆಗಳು ಇದಕ್ಕೆ ಆಶಾದಾಯಕ ಉತ್ತರ ಕೊಟ್ಟಿವೆ. ಜೊತೆಗೆ ಒಂದು ಕಹಿ ಸತ್ಯವನ್ನೂ ಹೇಳಿವೆ.

ಗಂಟೆಗೆ 2,368 ಹೆಜ್ಜೆ, 17 ಬೀಳು

ಮೊದಲು ಮಕ್ಕಳ ವಿಷಯ ನೋಡೋಣ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ತಂಡದವರು 12ರಿಂದ 19 ತಿಂಗಳ ಮಕ್ಕಳನ್ನು ಆಡಲು ಬಿಟ್ಟು ಅವರ ಹೆಜ್ಜೆಗಳನ್ನು ಎಣಿಸಿದರು. 2012ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಒಂದು ಮಗು ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕುತ್ತದೆ, 17 ಬಾರಿ ಬೀಳುತ್ತದೆ. ಅದೂ ನೇರ ದಾರಿಯಲ್ಲಿ ಅಲ್ಲ. ಅಡ್ಡಾದಿಡ್ಡಿ ನಡೆದು, ನಿಂತು, ತಿರುಗಿ, ಮತ್ತೆ ಹೊರಡುತ್ತದೆ. ಅಂಬೆಗಾಲಿಡುವ ಮಗುವಿಗೆ ಅಜ್ಜಿ ಎಷ್ಟೇ ಕೈಹಿಡಿದು ನಡೆಸಿದರೂ ನಿಜವಾದ ಪಾಠ ನಡೆಯುವುದು ಈ ಬಿದ್ದೇಳುವಿಕೆಯಲ್ಲೇ.

ಕೆಟ್ಟು ನಿಂತ ಎಸ್ಕಲೇಟರ್ ಹೇಳುವ ಗುಟ್ಟು

ಮೆಟ್ರೋ ನಿಲ್ದಾಣದಲ್ಲಿ ಕೆಟ್ಟು ನಿಂತ ಎಸ್ಕಲೇಟರ್ ಹತ್ತುವಾಗ ಮೊದಲ ಹೆಜ್ಜೆಗೆ ದೇಹ ಮುಂದಕ್ಕೆ ವಾಲಿದಂತಾದ ಅನುಭವ ನಿಮಗೂ ಆಗಿರಬಹುದು. ಮೆಟ್ಟಿಲು ಚಲಿಸುತ್ತಿಲ್ಲ ಎಂದು ಕಣ್ಣಿಗೆ ಕಾಣುತ್ತಿರುತ್ತದೆ. ಆದರೂ ದೇಹ ಹಳೆಯ ಅಭ್ಯಾಸದಂತೆ ಸಿದ್ಧವಾಗಿಬಿಡುತ್ತದೆ. ನಡಿಗೆಯ ಕಲಿಕೆ ನಮ್ಮ ತಿಳಿವಳಿಕೆಯ ಕೆಳಗೆ, ಬೇರೆಯದೇ ಕೋಣೆಯಲ್ಲಿ ನಡೆಯುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಇದನ್ನು ಪ್ರಯೋಗಾಲಯದಲ್ಲಿ ಅಳೆಯಲು ವಿಜ್ಞಾನಿಗಳು ಎರಡು ಬೆಲ್ಟ್‌ಗಳ ಟ್ರೆಡ್‌ಮಿಲ್ ಬಳಸುತ್ತಾರೆ. ಒಂದು ಕಾಲಿನ ಕೆಳಗಿನ ಬೆಲ್ಟ್ ವೇಗವಾಗಿ, ಇನ್ನೊಂದು ನಿಧಾನವಾಗಿ ಓಡುತ್ತದೆ. ಆರೋಗ್ಯವಂತರೂ ಮೊದಲು ಕುಂಟುತ್ತಾರೆ. ಹತ್ತು ಹದಿನೈದು ನಿಮಿಷಗಳಲ್ಲಿ ಎರಡೂ ಹೆಜ್ಜೆ ಸಮವಾಗುತ್ತವೆ. ಆಮೇಲೆ ಎರಡೂ ಬೆಲ್ಟ್‌ಗಳನ್ನು ಒಂದೇ ವೇಗಕ್ಕೆ ತಂದರೆ ಅದೇ ವ್ಯಕ್ತಿ ಈಗ ವಿರುದ್ಧ ದಿಕ್ಕಿನಲ್ಲಿ ಕುಂಟುತ್ತಾನೆ! ಅಂದರೆ ಮೆದುಳು ಹೊಸ ಲೆಕ್ಕವನ್ನು ಬರೆದಿಟ್ಟುಕೊಂಡಿದೆ, ಅದನ್ನು ಅಳಿಸಲು ಇನ್ನಷ್ಟು ಹೆಜ್ಜೆ ಬೇಕು.

ಅಮೆರಿಕದ ಬಾಲ್ಟಿಮೋರ್‌ನ ಕೆನಡಿ ಕ್ರೀಗರ್ ಇನ್‌ಸ್ಟಿಟ್ಯೂಟ್‌ನ ಏಮಿ ಬಾಸ್ಟಿಯನ್ ಮತ್ತು ಸಹೋದ್ಯೋಗಿಗಳು ಈ ಯಂತ್ರದಿಂದ ಮಹತ್ವದ ಸಂಗತಿಯೊಂದನ್ನು ಕಂಡುಕೊಂಡರು. ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿಗೆ ಹಾನಿಯಾದವರಿಗೆ ಈ ಹೊಂದಾಣಿಕೆ ಸರಿಯಾಗಿ ಬರುವುದಿಲ್ಲ (2006). ಆದರೆ ಮುಖ್ಯ ಮೆದುಳಿನಲ್ಲಿ ಪಾರ್ಶ್ವವಾಯು ಆದವರಿಗೆ ಬರುತ್ತದೆ (2007). ಕಾಲು ಎಳೆದು ನಡೆಯುವವರಲ್ಲೂ ಕಲಿಯುವ ಶಕ್ತಿ ಉಳಿದೇ ಇದೆ ಎಂದಾಯಿತು.

ಇಲ್ಲಿನ ತಂತ್ರ ಕೇಳಲು ವಿಚಿತ್ರ. ರೋಗಿಯ ಕುಂಟುವಿಕೆಯನ್ನು ಯಂತ್ರ ತಿದ್ದುವುದಿಲ್ಲ, ಬದಲಿಗೆ ಇನ್ನಷ್ಟು ಹೆಚ್ಚಿಸುತ್ತದೆ. ತಪ್ಪು ದೊಡ್ಡದಾದಾಗ ಮೆದುಳು ಎಚ್ಚೆತ್ತು ತಾನೇ ಸರಿಪಡಿಸಿಕೊಳ್ಳುತ್ತದೆ. ಯಂತ್ರದಿಂದ ಇಳಿದಾಗ ಹೆಜ್ಜೆಗಳು ಸ್ವಲ್ಪ ಹೊತ್ತು ಹೆಚ್ಚು ಸಮವಾಗಿರುತ್ತವೆ. ಒಂದೇ ದಿನದ ಪಾಠ ಬೇಗ ಅಳಿಸಿಹೋಗುತ್ತದೆ, ವಾರಗಟ್ಟಲೆ ಅಭ್ಯಾಸ ಮಾಡಿಸಿದರೆ ಬಾಳಿಕೆ ಬರುತ್ತದೆ.

ನಿಮ್ಹಾನ್ಸ್‌ನಲ್ಲಿ ಏನು ನಡೆಯಿತು?

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದೇ ಪ್ರಶ್ನೆಯನ್ನು ಪಾರ್ಕಿನ್ಸನ್ ರೋಗಿಗಳ ವಿಷಯದಲ್ಲಿ ಕೇಳಿದರು. ಈ ಕಾಯಿಲೆಯಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ, ಕೆಲವೊಮ್ಮೆ ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತದೆ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 60 ರೋಗಿಗಳನ್ನು ಮೂರು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಔಷಧ ಮಾತ್ರ, ಇನ್ನೊಂದಕ್ಕೆ ಸಾಮಾನ್ಯ ನಡಿಗೆ ತರಬೇತಿ. ಮೂರನೆಯ ಗುಂಪಿನವರಿಗೆ ಸೊಂಟಕ್ಕೆ ಪಟ್ಟಿ ಕಟ್ಟಿ, ದೇಹದ ಶೇ 20ರಷ್ಟು ಭಾರವನ್ನು ಮೇಲಕ್ಕೆ ಎತ್ತಿ ಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸಲಾಯಿತು. ದಿನಕ್ಕೆ 30 ನಿಮಿಷ, ವಾರಕ್ಕೆ ನಾಲ್ಕು ದಿನ, ನಾಲ್ಕು ವಾರ. ಈ ಮೂರನೆಯ ಗುಂಪಿನ ನಡಿಗೆಯೇ ಹೆಚ್ಚು ಸುಧಾರಿಸಿತು.

ಪಟ್ಟಿಯ ಉಪಯೋಗ ಭಾರ ಇಳಿಸುವುದಷ್ಟೇ ಅಲ್ಲ. ಬೀಳುವ ಭಯವೂ ಇಳಿಯುತ್ತದೆ. ಭಯ ಇಲ್ಲದಿದ್ದರೆ ತಪ್ಪಲು ಧೈರ್ಯ ಬರುತ್ತದೆ.

ಎಣಿಕೆ ಎಲ್ಲಿ ತಪ್ಪುತ್ತಿದೆ?

ಈಗ ಕಹಿ ಸತ್ಯಕ್ಕೆ ಬರೋಣ. ಅಮೆರಿಕ ಮತ್ತು ಕೆನಡಾದ ಏಳು ಕೇಂದ್ರಗಳಲ್ಲಿ ಪಾರ್ಶ್ವವಾಯು ರೋಗಿಗಳ 312 ಚಿಕಿತ್ಸಾ ಅವಧಿಗಳನ್ನು ಗಮನಿಸಿದಾಗ, ನಡಿಗೆಯ ಒಂದು ತರಬೇತಿಯಲ್ಲಿ ರೋಗಿ ಹಾಕಿದ್ದು ಸರಾಸರಿ 357 ಹೆಜ್ಜೆ ಮಾತ್ರ (2009). ಆಡುವ ಮಗು ಹತ್ತು ನಿಮಿಷದೊಳಗೆ ಮುಗಿಸುವ ಲೆಕ್ಕ ಇದು. ಮೆದುಳಿಗೆ ಕಲಿಯುವ ಶಕ್ತಿ ಇದೆ, ಆದರೆ ಕಲಿಯಲು ಬೇಕಾದಷ್ಟು ಹೆಜ್ಜೆ ಸಿಗುತ್ತಿಲ್ಲ.

ಹಾಗಾದರೆ ದುಬಾರಿ ಯಂತ್ರ ಇಲ್ಲದವರ ಗತಿ ಏನು? ಅಮೆರಿಕದಲ್ಲಿ 408 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ 'ಲೀಪ್ಸ್' ಅಧ್ಯಯನ ಇಲ್ಲಿ ಸಮಾಧಾನ ಹೇಳುತ್ತದೆ. ಭಾರ ಎತ್ತಿಹಿಡಿಯುವ ಟ್ರೆಡ್‌ಮಿಲ್ ತರಬೇತಿಯನ್ನೂ, ಫಿಸಿಯೋಥೆರಪಿಸ್ಟ್ ಮನೆಗೇ ಬಂದು ಮಾಡಿಸುವ ವ್ಯಾಯಾಮವನ್ನೂ ಅದು ಹೋಲಿಸಿತು. ವರ್ಷದ ಬಳಿಕ ಒಟ್ಟು ಶೇ 52ರಷ್ಟು ಮಂದಿಯ ನಡಿಗೆಯ ಮಟ್ಟ ಏರಿತ್ತು, ಯಂತ್ರದವರೇನೂ ಮನೆಯವರಿಗಿಂತ ಮುಂದಿರಲಿಲ್ಲ. ಪಾರ್ಕಿನ್ಸನ್‌ನಲ್ಲಿ ಯಂತ್ರ ಗೆದ್ದಿತು, ಪಾರ್ಶ್ವವಾಯುವಿನಲ್ಲಿ ಸಮ ಆಯಿತು. ಕಾಯಿಲೆ ಬೇರೆ, ಹೋಲಿಸಿದ ತರಬೇತಿಯೂ ಬೇರೆ ಎಂಬುದನ್ನು ನೆನಪಿಡಬೇಕು.

ಇದನ್ನು ಓದಿ 'ಹಾಗಾದರೆ ಮನೆಯವರೇ ಮಾಡಿಸಿದರಾಯಿತು' ಎಂದುಕೊಳ್ಳುವಂತಿಲ್ಲ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ನಡೆದ 'ಅಟೆಂಡ್' ಅಧ್ಯಯನ (2017) ಅದನ್ನೇ ಪರೀಕ್ಷಿಸಿತು. ಕುಟುಂಬದ ಒಬ್ಬರಿಗೆ ತರಬೇತಿ ಕೊಟ್ಟು ಮನೆಯಲ್ಲಿ ಪುನಶ್ಚೇತನ ಮಾಡಿಸಲಾಯಿತು. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಶೇ 47ರಷ್ಟು ಮಂದಿ ಮೃತಪಟ್ಟಿದ್ದರು ಇಲ್ಲವೇ ಇತರರನ್ನು ಅವಲಂಬಿಸಿದ್ದರು. ವ್ಯತ್ಯಾಸವೇ ಕಾಣಲಿಲ್ಲ. ಮಗಳೋ ಸೊಸೆಯೋ ಮನೆಗೆಲಸದ ನಡುವೆ ಪ್ರೀತಿಯಿಂದ ಕೈಕಾಲು ಆಡಿಸಬಹುದು. ಆದರೆ ಅಭ್ಯಾಸವನ್ನು ಯಾವಾಗ ಕಠಿಣಗೊಳಿಸಬೇಕು, ಎಷ್ಟು ತಪ್ಪಲು ಬಿಡಬೇಕು ಎಂಬುದು ತರಬೇತಿ ಪಡೆದ ಕಣ್ಣಿಗೇ ಗೊತ್ತಾಗುವ ವಿಷಯ. ಲೀಪ್ಸ್‌ನಲ್ಲಿ ಮನೆಗೆ ಬಂದದ್ದು ಅಂಥ ಕಣ್ಣು. ಜಿಲ್ಲಾ ಕೇಂದ್ರದಿಂದ ದೂರವಿರುವ ಹಳ್ಳಿಗಳಿಗೆ ಅದನ್ನು ತಲುಪಿಸುವುದೇ ಇಂದಿನ ಕಷ್ಟ.

ಹಾಗೆಂದು ಮನೆಯವರಿಗೆ ಪಾತ್ರವೇ ಇಲ್ಲ ಎಂದಲ್ಲ. ಪಾರ್ಕಿನ್ಸನ್ ರೋಗಿ ಹೊಸ್ತಿಲ ಬಳಿ ನಿಂತುಬಿಡುತ್ತಿದ್ದರೆ ನೆಲದ ಮೇಲೆ ಬಣ್ಣದ ಟೇಪಿನ ಅಡ್ಡಗೆರೆಗಳನ್ನು ಅಂಟಿಸಿದರೆ ಹಲವರಿಗೆ ಗೆರೆ ದಾಟಿ ಹೆಜ್ಜೆ ಇಡುವುದು ಸುಲಭವಾಗುತ್ತದೆ. ಪಾರ್ಶ್ವವಾಯು ರೋಗಿಯನ್ನು ಆಸ್ಪತ್ರೆಯಿಂದ ಕರೆತರುವ ದಿನ ಮಾತ್ರೆಗಳ ಚೀಟಿಯ ಜೊತೆಗೆ ಇನ್ನೂ ಕೆಲವನ್ನು ಕೇಳಿ ಬರೆದುಕೊಳ್ಳಬಹುದು: ದಿನಕ್ಕೆ ಎಷ್ಟು ಹೆಜ್ಜೆ, ಯಾವ ಬದಿಯಲ್ಲಿ ನಿಂತು ಹಿಡಿಯಬೇಕು, ಕೋಲು ಯಾವ ಕೈಯಲ್ಲಿರಬೇಕು, ಯಾವ ಲಕ್ಷಣ ಕಂಡರೆ ನಡಿಗೆ ನಿಲ್ಲಿಸಬೇಕು, ಮತ್ತೆ ತೋರಿಸಲು ಯಾವಾಗ ಬರಬೇಕು.