ಮಲ್ಲಿಗೆಯ ಘಮ, ಮೂಗಿನ ಲೆಕ್ಕಾಚಾರ

ಯಾವುದೇ ವಸ್ತು ವಾಸನೆ ಬೀರಬೇಕಾದರೆ ಅದರ ಅಣುಗಳು ಮೊದಲು ಗಾಳಿಗೆ ಏರಬೇಕು. ಉಪ್ಪನ್ನೋ ಸಕ್ಕರೆಯನ್ನೋ ಎಷ್ಟು ಮೂಸಿದರೂ ಏನೂ ಗೊತ್ತಾಗುವುದಿಲ್ಲ. ಅವುಗಳ ಕಣಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಪರಿಮಳದ ಅಣುಗಳಲ್ಲಿ ಈ ಹಿಡಿತ ಸಡಿಲ. ಗಾತ್ರವೂ ಚಿಕ್ಕದು: ಬಹುಪಾಲು ಅಣುಗಳ ತೂಕ ಜಲಜನಕ ಪರಮಾಣುವಿನ 300 ಪಟ್ಟನ್ನು ಮೀರುವುದಿಲ್ಲ. ಇಂಗಾಲದ ಒಂದು ಸರಪಳಿ ಅಥವಾ ಉಂಗುರ, ಅದಕ್ಕೆ ಅಂಟಿಕೊಂಡ ಜಲಜನಕ, ಒಂದೆರಡು ಕಡೆ ಆಮ್ಲಜನಕವೋ ಸಾರಜನಕವೋ ಗಂಧಕವೋ. ಇಷ್ಟೇ ಸಾಮಗ್ರಿಯಲ್ಲಿ ಹೂವು, ಹಣ್ಣು, ಮಸಾಲೆಗಳ ಘಮವೆಲ್ಲ ತಯಾರಾಗುತ್ತದೆ.

ಸಂಜೆ ಬಿರಿದ ದುಂಡುಮಲ್ಲಿಗೆಯನ್ನು ಗಾಜಿನ ಪಾತ್ರೆಯಲ್ಲಿ ಮುಚ್ಚಿಟ್ಟು, ಅದರ ಸುತ್ತಲಿನ ಗಾಳಿಯನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರದಲ್ಲಿ ಹಾಯಿಸಿದರೆ ಮಲ್ಲಿಗೆಯ ವಾಸನೆ ಎಂಬ ಒಂದು ಪದಾರ್ಥ ಸಿಗುವುದಿಲ್ಲ. ಹತ್ತಾರು ಪದಾರ್ಥಗಳು ಒಂದೊಂದಾಗಿ ಬೇರ್ಪಡುತ್ತವೆ. ಅವುಗಳಲ್ಲಿ ಲಿನಲೂಲ್ ಒಂದು. ಕೊತ್ತಂಬರಿ ಬೀಜದ ಎಣ್ಣೆಯಲ್ಲೂ ಇದೇ ಮುಖ್ಯ ಅಂಶ. ಬೆಂಜೈಲ್ ಅಸಿಟೇಟ್ ಹಣ್ಣಿನಂಥ ಸಿಹಿ ವಾಸನೆ ಕೊಡುತ್ತದೆ. ಮೀಥೈಲ್ ಆಂಥ್ರನಿಲೇಟ್ ಅನ್ನು ದ್ರಾಕ್ಷಿ ರುಚಿಯ ಮಿಠಾಯಿಗಳಿಗೆ ಬೆರೆಸುವುದುಂಟು. ಇನ್ನೊಂದು ಇಂಡೋಲ್, ಮಲದಲ್ಲಿಯೂ ಇರುವ ಪದಾರ್ಥ. ದಟ್ಟವಾಗಿದ್ದಾಗ ಮೂಗು ಮುಚ್ಚಿಕೊಳ್ಳುವಂತೆ ಮಾಡುವ ಇಂಡೋಲ್, ಮಲ್ಲಿಗೆಯಲ್ಲಿರುವಷ್ಟು ಸ್ವಲ್ಪ ಪ್ರಮಾಣದಲ್ಲಿ ಘಮಕ್ಕೆ ತೂಕ ತಂದುಕೊಡುತ್ತದೆ. ಅದನ್ನು ಬಿಟ್ಟು ತಯಾರಿಸಿದ ಕೃತಕ ಮಲ್ಲಿಗೆ ಸಪ್ಪೆ ಎನಿಸುತ್ತದೆ. ಸುಗಂಧ, ದುರ್ಗಂಧ ಎಂಬ ಎರಡು ಜಾತಿಯ ಅಣುಗಳಿವೆ ಎಂಬ ನಂಬಿಕೆ ಈ ಹೂವಿನ ಮುಂದೆಯೇ ಸುಳ್ಳಾಗುತ್ತದೆ.

ಪ್ರಮಾಣದ ಮಹತ್ವ ಗಂಧಕವಿರುವ ಅಣುಗಳಲ್ಲಿ ಇನ್ನೂ ಎದ್ದು ಕಾಣುತ್ತದೆ. ಅಡುಗೆ ಅನಿಲಕ್ಕೆ ಸ್ವಂತದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಸೋರಿಕೆ ತಿಳಿಯಲೆಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಸೇರಿಸುತ್ತಾರೆ. ನೂರು ಕೋಟಿ ಭಾಗ ಗಾಳಿಯಲ್ಲಿ ಅದು ಒಂದೇ ಭಾಗ ಬೆರೆತರೂ ಮೂಗು ಪತ್ತೆಹಚ್ಚುತ್ತದೆ.

ಪ್ರಮಾಣದಂತೆ ಅಣುವಿನ ಗಾತ್ರವೂ ಮುಖ್ಯ. ಲಿನಲೂಲ್ ಅಣುವಿನಲ್ಲಿ 10 ಇಂಗಾಲದ ಪರಮಾಣುಗಳಿದ್ದರೆ, ಶ್ರೀಗಂಧದ ಸ್ಯಾಂಟಲಾಲ್‌ನಲ್ಲಿ 15. ಈ ವ್ಯತ್ಯಾಸವೇ ಎರಡರ ನಡತೆಯನ್ನು ಬದಲಿಸುತ್ತದೆ. ಹಗುರವಾದ ಲಿನಲೂಲ್ ಬೇಗ ಹಾರಿಹೋಗುತ್ತದೆ. ಸ್ಯಾಂಟಲಾಲ್ ನಿಧಾನವಾಗಿ ಆವಿಯಾಗುತ್ತ ಬಟ್ಟೆಯ ಮೇಲೆ, ಚರ್ಮದ ಮೇಲೆ ತುಂಬಾ ಹೊತ್ತು ಉಳಿಯುತ್ತದೆ. ಹಾಗಾಗಿಯೇ ಅತ್ತರು ತಯಾರಕರಿಗೆ ಗಂಧದೆಣ್ಣೆ ಬೇಕು: ಚಂಚಲ ಹೂವಿನ ಪರಿಮಳವನ್ನೂ ಅದು ಹಿಡಿದಿಡುತ್ತದೆ. ಎಣ್ಣೆ ಇರುವುದು ಮರದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗಿನ ಪುಡಿಗೆ ಹಬೆ ಹಾಯಿಸಿದಾಗ ಅದು ಎಣ್ಣೆಯನ್ನು ಬಲು ನಿಧಾನವಾಗಿ ಬಿಟ್ಟುಕೊಡುತ್ತದೆ. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು 1916ರಲ್ಲಿ ಮೈಸೂರಿನಲ್ಲಿ ಕಾರ್ಖಾನೆ ಆರಂಭಿಸಿತು.

ಉಸಿರಿನೊಂದಿಗೆ ಒಳಹೋದ ಅಣು ಮೂಗಿನ ಮೇಲ್ಭಾಗದಲ್ಲಿ, ಕೆಲವೇ ಚದರ ಸೆಂಟಿಮೀಟರ್ ಅಗಲದ ಒಂದು ಪೊರೆಯನ್ನು ಮುಟ್ಟುತ್ತದೆ. ಅಲ್ಲಿನ ಲೋಳೆಯಲ್ಲಿ ನರಕೋಶಗಳ ಸೂಕ್ಷ್ಮ ರೋಮಗಳು ಹರಡಿಕೊಂಡಿವೆ. ರೋಮಗಳ ಮೇಲೆ ಗ್ರಾಹಕ ಎಂಬ ಪ್ರೋಟೀನುಗಳಿವೆ. ಇವುಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಇಲಿಗಳಲ್ಲಿ ಗುರುತಿಸಿ 1991ರಲ್ಲಿ ಪ್ರಕಟಿಸಿದರು. 2004ರ ನೊಬೆಲ್ ಅವರಿಗೆ ಸಂದಿತು. ಮನುಷ್ಯರಲ್ಲಿ ಕೆಲಸ ಮಾಡುವ ಗ್ರಾಹಕಗಳು ಸುಮಾರು 400 ಬಗೆ, ಒಂದು ನರಕೋಶಕ್ಕೆ ಒಂದೇ ಬಗೆ. ಆದರೆ ಒಂದು ಗ್ರಾಹಕಕ್ಕೆ ಹಲವು ಅಣುಗಳು ಒಗ್ಗುತ್ತವೆ, ಒಂದು ಅಣು ಹಲವು ಗ್ರಾಹಕಗಳನ್ನು ಎಬ್ಬಿಸುತ್ತದೆ. ಯಾವ ಯಾವ ಗ್ರಾಹಕಗಳು ಒಟ್ಟಿಗೆ ಎಚ್ಚೆತ್ತವು ಎಂಬ ಲೆಕ್ಕವೇ ವಾಸನೆಯ ಗುರುತು. ಅಂಥ ಜೋಡಣೆಗಳು ಎಣಿಸಿ ಮುಗಿಯದಷ್ಟು ಇರುವುದರಿಂದ 400 ಬಗೆ ಧಾರಾಳವಾಗಿ ಸಾಕು.

ಗ್ರಾಹಕ ಆಕಾರವನ್ನು ಎಷ್ಟು ನಾಜೂಕಾಗಿ ಅಳೆಯುತ್ತದೆ ಎನ್ನುವುದಕ್ಕೆ ಕಾರ್ವೋನ್ ಒಳ್ಳೆಯ ಸಾಕ್ಷಿ. ಈ ಅಣು ಎಡಗೈ ಬಲಗೈಗಳಂತೆ ಎರಡು ರೂಪದಲ್ಲಿದೆ. ಪರಮಾಣುಗಳ ಲೆಕ್ಕ ಒಂದೇ, ಜೋಡಣೆ ಮಾತ್ರ ಕನ್ನಡಿಯ ಪ್ರತಿಬಿಂಬ. ಒಂದು ರೂಪ ಪುದೀನದಲ್ಲಿದೆ, ಇನ್ನೊಂದು ಸಬ್ಬಸಿಗೆ ಬೀಜದಲ್ಲಿದೆ. ಎರಡರ ವಾಸನೆಯನ್ನು ಅಡುಗೆಮನೆಯಲ್ಲಿ ಯಾರೂ ಅದಲುಬದಲು ಮಾಡಿಕೊಳ್ಳುವುದಿಲ್ಲ. ಅಣು ಬಂದು ಕೂತ ಸ್ಥಿತಿಯಲ್ಲಿ ಮನುಷ್ಯನ ಒಂದು ವಾಸನಾ ಗ್ರಾಹಕದ ರಚನೆ ಮೊದಲ ಬಾರಿಗೆ ಪ್ರಕಟವಾದದ್ದು 2023ರಲ್ಲಿ, ಅಂದರೆ ಈ ವಿಜ್ಞಾನ ಇನ್ನೂ ಎಳೆಯದು.

ಅಣು ಕೂತೊಡನೆ ಕೋಶದೊಳಗೆ ರಾಸಾಯನಿಕ ಸಂದೇಶ ಹರಿದು, ಪೊರೆಯ ನಾಳಗಳು ತೆರೆದು, ವಿದ್ಯುತ್ ಸಂಕೇತ ಹುಟ್ಟುತ್ತದೆ. ಮೂಗಿನ ಮೇಲ್ಛಾವಣಿಯಲ್ಲಿರುವ ತೂತುಮೂಳೆಯ ಮೂಲಕ ಅದು ಮಿದುಳಿನ ಘ್ರಾಣಕಂದಕ್ಕೆ ಏರುತ್ತದೆ. ಕಣ್ಣು ಕಿವಿಗಳ ಸಂಕೇತಗಳು ಮಿದುಳಿನ ಥಲಾಮಸ್ ಎಂಬ ಭಾಗವನ್ನು ದಾಟಿ ಮುಂದೆ ಹೋಗಬೇಕು. ವಾಸನೆ ಮಾತ್ರ ಭಾವನೆಗಳ ನೆಲೆಯಾದ ಅಮಿಗ್ಡಾಲವನ್ನು ನೇರವಾಗಿ ತಲುಪುತ್ತದೆ. ನೆನಪಿಗೆ ಸಂಬಂಧಿಸಿದ ಭಾಗವೂ ಅಲ್ಲೇ ಪಕ್ಕದಲ್ಲಿದೆ. ಮೂಗು ಬೇಗ ದಣಿಯುವುದೂ ಉಂಟು: ಹೂ ಮುಡಿದವರಿಗೆ ಕೆಲವೇ ನಿಮಿಷಗಳಲ್ಲಿ ಘಮ ಮರೆಯಾಗುತ್ತದೆ, ಹೊರಗಿನಿಂದ ಬಂದವರಿಗೆ ಅದೇ ಘಮ್ಮೆನ್ನುತ್ತದೆ.

ಎಲ್ಲರ ಮೂಗೂ ಒಂದೇ ಅಲ್ಲ. ಕೊತ್ತಂಬರಿ ಸೊಪ್ಪಿನ ಆಲ್ಡಿಹೈಡ್‌ಗಳು ಕೆಲವರಿಗೆ ಸಾಬೂನಿನಂತೆ ಹೊಡೆಯುವುದಕ್ಕೂ ಒಂದು ಗ್ರಾಹಕದ ವಂಶವಾಹಿಯ ಸಣ್ಣ ವ್ಯತ್ಯಾಸಕ್ಕೂ ನಂಟು ಕಂಡುಬಂದಿದೆ.

ವಾಸನೆಯ ನರಕೋಶಗಳು ಜೀವಮಾನವಿಡೀ ಹೊಸದಾಗಿ ಹುಟ್ಟುತ್ತಿರುತ್ತವೆ. ಕೋವಿಡ್ ವೈರಾಣು ಮುಖ್ಯವಾಗಿ ಹೊಕ್ಕಿದ್ದು ಇವುಗಳನ್ನಲ್ಲ, ಇವುಗಳಿಗೆ ಆಸರೆಯಾದ ಕೋಶಗಳನ್ನು. ಬಹುತೇಕರಿಗೆ ವಾಸನೆ ಮರಳಿದ್ದು ಅದಕ್ಕೇ. ಕೆಲವರಿಗೆ ಅದು ಕೆಟ್ಟು ಮರಳಿತು. ಕಾಫಿಯ ಘಮ ನೀಡುವ ಗಂಧಕದ ಒಂದು ಅಣುವೇ ಅವರಿಗೆ ಕೊಳೆತ ನಾತವಾಯಿತು. ಇಂಥವರಿಗೆ ವೈದ್ಯರು ಗುಲಾಬಿ, ನೀಲಗಿರಿ, ನಿಂಬೆ, ಲವಂಗದ ಎಣ್ಣೆಗಳನ್ನು ದಿನಕ್ಕೆ ಎರಡು ಬಾರಿ ಹಲವು ತಿಂಗಳ ಕಾಲ ಮೂಸುವ ಅಭ್ಯಾಸ ಹೇಳುತ್ತಾರೆ.